ಡಬ್ಬಿಗೆ ಕಾಸು, ಬಣ್ಣಕ್ಕೆ ಪಿನ್ನು

ಈಗಿನ ಲಿಪ್‌ಸ್ಟಿಕ್ ಅಂಗಡಿಗಳಲ್ಲಿ ಮೊದಲು ತೋರಿಸುವುದು ಬಣ್ಣ ಅಲ್ಲ, ಮುಚ್ಚಳ. "ಮ್ಯಾಮ್, ಸೌಂಡ್ ಕೇಳಿ" ಅಂತ ಕಿವಿ ಹತ್ತಿರ ತಂದು ಟಕ್ ಅನ್ನಿಸುತ್ತಾರೆ. ಒಳಗೆ ಮ್ಯಾಗ್ನೆಟ್ ಇದೆಯಂತೆ. ಕೈಗೆ ತಗೊಂಡರೆ ಒಳ್ಳೇ ಭಾರ. ಆ ಭಾರ ಬಣ್ಣದ್ದು ಅಂದುಕೊಂಡರೆ ನೀವು ಪಾಪದವರು. ಬಣ್ಣ ಇರುವುದು ಸಾಮಾನ್ಯವಾಗಿ ಮೂರೂವರೆ ಗ್ರಾಂ ಆಸುಪಾಸು. ಕೈಯಲ್ಲಿ ಹಿಡಿದಾಗ ದುಬಾರಿ ಅನ್ನಿಸಲಿ ಅಂತಲೇ ಎಷ್ಟೋ ಟ್ಯೂಬ್‌ಗಳ ತಳದಲ್ಲಿ ಒಂದು ಲೋಹದ ತುಂಡು ಕೂರಿಸಿರುತ್ತಾರೆ. ತರಕಾರಿಯವನು ತಕ್ಕಡಿ ಅಡಿಗೆ ಅಯಸ್ಕಾಂತ ಅಂಟಿಸಿದರೆ ಅದು ಮೋಸ, ಇಲ್ಲಿ ಅದರ ಹೆಸರು ಪ್ರೀಮಿಯಂ.

ತಿರುಗಿಸಿದರೆ ಮೇಲೆ ಬರುವ ಟ್ಯೂಬ್‌ಗೆ ಅಮೆರಿಕದ ನ್ಯಾಶ್‌ವಿಲ್‌ನ ಜೇಮ್ಸ್ ಬ್ರೂಸ್ ಮೇಸನ್ ಜೂನಿಯರ್ ಪೇಟೆಂಟ್ ಪಡೆದದ್ದು 1923ರಲ್ಲಿ. ಸರಿಯಾಗಿ ನೂರು ವರ್ಷಕ್ಕೆ ನಮ್ಮ ಚಂದ್ರಯಾನ-3 ಹೋಗಿ ಚಂದ್ರನ ದಕ್ಷಿಣ ಧ್ರುವದ ಹತ್ತಿರ ಇಳಿಯಿತು. ಲಿಪ್‌ಸ್ಟಿಕ್‌ನ ತಳಕ್ಕೆ ಮಾತ್ರ ಇನ್ನೂ ಯಾರೂ ಇಳಿದಿಲ್ಲ. ಪೂರ್ತಿ ತಿರುಗಿಸಿದರೂ ಬಣ್ಣದ ಕಡ್ಡಿ ಕೂತಿರುವ ಪುಟ್ಟ ಬಟ್ಟಲೊಳಗೆ ಒಂದಷ್ಟು ಬಣ್ಣ ಹಾಗೇ ಕೂತಿರುತ್ತದೆ, ಕಾಣುತ್ತದೆ, ತುಟಿಗೆ ಸಿಗುವುದಿಲ್ಲ. ದುಡ್ಡು ಅದಕ್ಕೂ ಕೊಟ್ಟಿದ್ದೀವಿ ಅಲ್ವಾ?

ಅದನ್ನು ತೆಗೆಯಲು ಹೊರಟವಳಿಗೆ ಮನೆಯಲ್ಲಿ ಸಿಗುವ ಬಿರುದು ಜುಗ್ಗಿ. ಅವಳ ಕೆಲಸ ನೋಡಿ. ಪಿನ್ನಿನಲ್ಲಿ ಕೆರೆದು ಸ್ಟೀಲ್ ಚಮಚಕ್ಕೆ ಹಾಕಬೇಕು, ಸಣ್ಣ ಉರಿಯ ಮೇಲೆ ಸ್ವಲ್ಪ ಎತ್ತಿ ಹಿಡಿಯಬೇಕು, ಮೇಣ ಎಣ್ಣೆ ಕರಗಿ ಹೊಳೆಯುವಷ್ಟರಲ್ಲಿ ಇಳಿಸಬೇಕು, ಕುದಿಸಿದರೆ ಬಣ್ಣವೂ ಕೆಟ್ಟಿತು ವಾಸನೆಯೂ ಕೆಟ್ಟಿತು. ಆಮೇಲೆ ಪುಟ್ಟ ಡಬ್ಬಿಗೆ ಸುರಿದು ಫ್ರಿಜ್ಜಿಗೆ. ರಾತ್ರಿ ಯಾರಾದರೂ ಅದನ್ನು ಜಾಮ್ ಅಂತ ಬ್ರೆಡ್ಡಿಗೆ ಹಚ್ಚದಿದ್ದರೆ ಪುಣ್ಯ. ಕೈ ಜಾರಿ ಬಿದ್ದು ಪುಡಿಯಾದ ಕಾಂಪ್ಯಾಕ್ಟ್ ಪೌಡರ್‌ಗೆ ಬೇರೆ ವೈದ್ಯ: ಇನ್ನೂ ನುಣ್ಣಗೆ ಪುಡಿ ಮಾಡಿ, ನಾಲ್ಕು ಹನಿ ಸ್ಪಿರಿಟ್ ಹಾಕಿ ಕಲಸಿ, ಬಟ್ಟೆ ಸುತ್ತಿದ ನಾಣ್ಯದಿಂದ ಒತ್ತಿ, ರಾತ್ರಿಯಿಡೀ ತೆರೆದಿಡುವುದು. ನೀರು ಹಾಕಬೇಡಿ, ಬೂಷ್ಟು ಬರುತ್ತದೆ.

ಇದೇ ಕೆಲಸವನ್ನು ರಿಂಗ್ ಲೈಟ್ ಮುಂದೆ ಮಾಡಿದರೆ ಅದು ಝೀರೋ ವೇಸ್ಟ್. ರೀಲ್ಸ್‌ನಲ್ಲಿ ಅದಕ್ಕೊಂದು ಸಾಮಾನಿನ ಪಟ್ಟಿ. ಸಿಲಿಕೋನ್ ಸ್ಪ್ಯಾಚುಲಾ, ಗಾಜಿನ ಪುಟಾಣಿ ಜಾರ್, ಕರಗಿಸಲು ಪ್ರತ್ಯೇಕ ಪಾತ್ರೆ. ಲಿಂಕ್ ಬಯೋದಲ್ಲಿ. ಅರ್ಧ ಗ್ರಾಂ ಬಣ್ಣ ಉಳಿಸಲು ಮೂರು ಕೊರಿಯರ್ ಹುಡುಗರು ಮೆಟ್ಟಿಲು ಹತ್ತುತ್ತಾರೆ, ಪ್ರತಿ ಸಾಮಾನಿಗೂ ಬಬಲ್ ರ‍್ಯಾಪ್ ಬೇರೆ. ಇನ್ನೂ ಮಜಾ ಏನೆಂದರೆ ಆನ್‌ಲೈನಿನಲ್ಲಿ ಹೊಚ್ಚ ಹೊಸ ಖಾಲಿ ಲಿಪ್‌ಸ್ಟಿಕ್ ಟ್ಯೂಬ್‌ಗಳು ಪ್ಯಾಕ್ ಲೆಕ್ಕದಲ್ಲಿ ಸಿಗುತ್ತವೆ. ಒಬ್ಬಳು ಖಾಲಿ ಟ್ಯೂಬ್ ಕಸಕ್ಕೆ ಹಾಕುವಾಗ ಪಕ್ಕದ ಮನೆಯವಳು ಖಾಲಿ ಟ್ಯೂಬನ್ನೇ ಆರ್ಡರ್ ಮಾಡುತ್ತಿರುತ್ತಾಳೆ.

ಚೆಂದದ ಹಳೇ ಟ್ಯೂಬಿಗೆ ಅಗ್ಗದ ಕಡ್ಡಿ ಕೂರಿಸೋಣ ಅಂದರೆ ಅಲ್ಲೂ ಗೋಳು. ಕೆಲವು ಕಂಪನಿಗಳ ಬಟ್ಟಲಿನ ಅಗಲ 12.1 ಮಿಲಿಮೀಟರ್, ಕೆಲವರದು 12.7. ಫೋನ್ ಚಾರ್ಜರ್‌ಗಳೇ ರಾಜಿಯಾದವು, ಇವರು ಅರ್ಧ ಮಿಲಿಮೀಟರ್ ಚಿಲ್ಲರೆಗೆ ಹಟ ಹಿಡಿದು ಕೂತಿದ್ದಾರೆ.

ದೊಡ್ಡವರ ಉಳಿತಾಯವೂ ದೊಡ್ಡದೇ. ಫ್ರಾನ್ಸಿನ ದುಬಾರಿ ಬ್ರ್ಯಾಂಡ್ ಎರ್ಮೆಸ್ 2020ರಲ್ಲಿ ಮತ್ತೆ ತುಂಬಿಸಬಹುದಾದ ಲಿಪ್‌ಸ್ಟಿಕ್ ತಂದಿತು. ಆಗ ಅಮೆರಿಕದಲ್ಲಿ ಅದರ ಬೆಲೆ 67 ಡಾಲರ್ ಇತ್ತು, ಬರೀ ರೀಫಿಲ್‌ಗೆ 42. ಪರಿಸರ ಕಾಪಾಡುವ ಪುಣ್ಯ ಪ್ರತಿ ಸಲವೂ 42 ಡಾಲರ್ ಆಯಿತು. ಚಮಚ ಹಿಡಿದವಳ ಪುಣ್ಯಕ್ಕೆ ರೇಟೇ ಇಲ್ಲ ನೋಡಿ, ಅದಕ್ಕೇ ಬೆಲೆಯಿಲ್ಲ.

ಎಸೆಯೋಣ ಅಂದರೂ ಸುಲಭವಿಲ್ಲ. ಬೆಂಗಳೂರಿನ ಬೆಳಗಿನ ಕಸದ ಗಾಡಿ ಮುಂದೆ ನಿಂತು ಕೇಳಿ: ಪ್ಲಾಸ್ಟಿಕ್, ಲೋಹ, ಮ್ಯಾಗ್ನೆಟ್, ಅಂಟು, ಒಳಗೆ ಮೆತ್ತಿದ ಬಣ್ಣ, ಇದು ಹಸಿಯೋ ಒಣವೋ? ಗಾಡಿಯ ಅಕ್ಕ ಒಂದು ಸಲ ಟ್ಯೂಬ್ ನೋಡುತ್ತಾರೆ, ಒಂದು ಸಲ ನಿಮ್ಮನ್ನು ನೋಡುತ್ತಾರೆ, ಗಾಡಿ ಮುಂದಕ್ಕೆ ಹೋಗುತ್ತದೆ.

ಕಾನೂನು ಮಾಪನ ಇಲಾಖೆಯವರಲ್ಲಿ ಒಂದು ಅರಿಕೆ. ಪೆಟ್ರೋಲ್ ಬಂಕಿನಲ್ಲಿ ಅಳತೆ ಪಾತ್ರೆ ಹಿಡಿದು ತಪಾಸಣೆ ಮಾಡುತ್ತೀರಲ್ಲ, ಹಾಗೇ ಲಿಪ್‌ಸ್ಟಿಕ್‌ನ ಬುಡವನ್ನೂ ಒಮ್ಮೆ ತಿರುಗಿಸಿ ನೋಡಿ. ನಿವ್ವಳ ತೂಕದ ಕೆಳಗೆ ಇನ್ನೊಂದು ಸಾಲು ಹಾಕಿಸಿ: ತುಟಿಗೆ ಸಿಗುವ ತೂಕ ಇಷ್ಟು, ಪಿನ್ನಿಗೆ ಸಿಗುವ ತೂಕ ಇಷ್ಟು. ಆ ಲೋಹದ ತುಂಡನ್ನು ತೆಗೆಸಿ ಅದರಲ್ಲೇ ಒಂದು ಪಿನ್ನು ಮಾಡಿಸಿ ಪೆಟ್ಟಿಗೆಯೊಳಗೆ ಇಡಲು ಹೇಳಿ. ಮ್ಯಾಗ್ನೆಟ್ ಹೇಗೂ ಇದೆ, ಮುಚ್ಚಳಕ್ಕೇ ಅಂಟಿಕೊಂಡಿರುತ್ತದೆ.