ನಿಂತಲ್ಲೇ ಬಿದ್ದ ಬೈಕು

ಬೈಕಿನಿಂದ ಬೀಳುವುದರಲ್ಲೂ ಒಂದು ಅಂತಸ್ತಿದೆ. ಆಗುಂಬೆ ಘಾಟಿಯ ತಿರುವಿನಲ್ಲಿ ಜಾರಿದೆ ಅಂದರೆ ಕೇಳುವವರು ಕುರ್ಚಿ ಎಳೆದುಕೊಂಡು ಕೂರುತ್ತಾರೆ. ನಾನು ಬಿದ್ದದ್ದು ತೀರ್ಥಹಳ್ಳಿಯಿಂದ ಕೊಪ್ಪಕ್ಕೆ ಹೋಗುವ ದಾರಿಯ ಒಂದು ಗೂಡಂಗಡಿ ಎದುರು, ಅದೂ ಬೈಕು ಪೂರ್ತಿ ನಿಂತ ಮೇಲೆ. ಜುಲೈ ತಿಂಗಳ ಮಳೆ. ಒಂದು ಚಾ ಕುಡಿಯೋಣ ಅಂತ ನಿಲ್ಲಿಸಿ ಎಡಗಾಲು ಕೆಳಗಿಟ್ಟರೆ, ಅಲ್ಲಿ ನೆಲದ ಬದಲು ಪಾಚಿ ಇತ್ತು. ಕಾಲು ಒಂದು ಕಡೆ ಹೋಯಿತು, 140 ಕೆಜಿಯ ಬೈಕು ಅದರ ಹಿಂದೆಯೇ ಹೋಯಿತು, ಬೈಕಿನ ಹಿಂದೆ ನಾನು. ಎಷ್ಟು ನಿಧಾನಕ್ಕೆ ಬಿದ್ದೆನೆಂದರೆ, ಬೀಳುತ್ತಲೇ ಅಂಗಡಿಯವರಿಗೆ ಸಕ್ಕರೆ ಕಮ್ಮಿ ಅಂತ ಹೇಳಬಹುದಿತ್ತು.

ನನ್ನ ಮೊಣಕೈ ತರಚಿತು. ಬೈಕಿನ ಕ್ಲಚ್ ಹಿಡಿಯ ತುದಿಯ ಗುಂಡು ಹಾರಿತು, ಗೇರ್ ಪೆಡಲ್ ಒಳಗೆ ಬಾಗಿತು. ಇಷ್ಟೇ ತಾನೇ ಅಂತ ಎತ್ತಿ ನಿಲ್ಲಿಸಿ ಸ್ಟಾರ್ಟ್ ಬಟನ್ ಒತ್ತಿದೆ. ಕಿರ್ರ್, ಕಿರ್ರ್, ಕಿರ್ರ್. ಹತ್ತಿಕೊಳ್ಳಲೇ ಇಲ್ಲ.

ನಮ್ಮೂರಿನ ಕಡೆ ಕೆಟ್ಟು ನಿಂತ ಬೈಕಿಗೂ ಹಲಸಿನ ಹಣ್ಣಿಗೂ ಜಾಸ್ತಿ ವ್ಯತ್ಯಾಸ ಇಲ್ಲ, ಎರಡರ ಸುತ್ತಲೂ ನಿಮಿಷದೊಳಗೆ ಜನ ಸೇರುತ್ತಾರೆ. ಸ್ಟ್ಯಾಂಡ್ ಹಾಕಿದ್ದೀರಾ ನೋಡಿ ಅಂದರು ಒಬ್ಬರು. ಪ್ಲಗ್ಗಿನ ಕ್ಯಾಪ್ ಬಿಟ್ಟಿರಬೇಕು ಅಂತ ಇನ್ನೊಬ್ಬರು ಕೈಹಾಕಿ, ಬಿಸಿ ಎಂಜಿನ್ ಮುಟ್ಟಿ, ಬಾಯಲ್ಲಿ ಬೆರಳಿಟ್ಟುಕೊಂಡು ಹಿಂದೆ ಸರಿದರು. ಆಗ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ ಅಜ್ಜ ಒಬ್ಬರು ಎದ್ದು ಬಂದರು. "ಕಾರ್ಬೊರೇಟರ್ ಓವರ್‌ಫ್ಲೋ ಆಗಿದೆ ಮಾರಾಯ್ರೆ. ನನ್ನ ಯೆಜ್ಡಿ ಬಿದ್ದಾಗೆಲ್ಲ ಹಿಂಗೇ."

ಅಜ್ಜ ಹೇಳಿದ್ದು ಸುಳ್ಳಲ್ಲ. ಹಳೇ ಬೈಕು ಮಲಗಿದರೆ, ಗಾಳಿಗೆ ಪೆಟ್ರೋಲ್ ಬೆರೆಸಿಕೊಡುವ ಈ ಕಾರ್ಬೊರೇಟರಿನಿಂದ ಪೆಟ್ರೋಲ್ ಎಂಜಿನ್ನಿಗೆ ಹರಿದು ಪ್ಲಗ್ ಒದ್ದೆಯಾಗುತ್ತದೆ. ಹತ್ತು ನಿಮಿಷ ಸುಮ್ನೆ ಬಿಟ್ಟು, ಚೋಕ್ ಮುಟ್ಟದೆ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಕಿಕ್ ಹೊಡೆದರೆ ಹೊರಡುತ್ತದೆ. ತೊಂದರೆ ಏನೆಂದರೆ, ನನ್ನ ಬೈಕಿನಲ್ಲಿ ಕಾರ್ಬೊರೇಟರೇ ಇಲ್ಲ. ಕಿಕ್ಕರ್ ಕೂಡ ಇಲ್ಲ. ಹೇಳಿ ನೋಡಿದೆ. ಮೈಸೂರಿನ ಯೆಜ್ಡಿ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿದರೂ ಅಜ್ಜನ ತಲೆಯೊಳಗೆ ಇನ್ನೂ ಮೂರು ಪಾಳಿಯಲ್ಲಿ ಕೆಲಸ ನಡೆಯುತ್ತಿತ್ತು. ಗೇರ್ ಹಾಕುವ ಲಿವರನ್ನೇ ಎತ್ತಿ ಕಿಕ್ ಹೊಡೆಯುತ್ತಿದ್ದ ಕಾಲದವರು, ನನ್ನ ಮಾತು ಯಾಕೆ ಕೇಳುತ್ತಾರೆ?

"ಆ ಕಡೆ ವಾಲಿಸಿ" ಅಂತ ಅಪ್ಪಣೆಯಾಯಿತು. ನಾಲ್ಕು ಜನ ಹಿಡಿದು, ಹಳೇ ಸ್ಕೂಟರನ್ನು ಮಲಗಿಸುತ್ತಿದ್ದ ಹಾಗೆ, ಎಡಕ್ಕೆ ಬಿದ್ದಿದ್ದ ಬೈಕನ್ನು ಬಲಕ್ಕೂ ಮಲಗಿಸಿದೆವು. ಕಿರ್ರ್. ಆಮೇಲೆ ಸೆಕೆಂಡ್ ಗೇರಿನಲ್ಲಿ ತಳ್ಳಿದೆವು. ಅದಕ್ಕೂ ಇಲ್ಲ. ಕೊನೆಗೆ ಚಾ ಕುಡಿದು, ಏರುದಾರಿಯಲ್ಲಿ ಎರಡು ಕಿಲೋಮೀಟರ್ ತಳ್ಳಿಕೊಂಡು ಮೆಕ್ಯಾನಿಕ್ ಹತ್ತಿರ ಹೋದೆ. ರೈನ್‌ಕೋಟಿನ ಹೊರಗೆ ಮಳೆ, ಒಳಗೆ ಬೆವರು.

ಮೆಕ್ಯಾನಿಕ್ ಅಂದರೆ ಇಪ್ಪತ್ತು ದಾಟದ ಹುಡುಗ. ಬೈಕು ಮುಟ್ಟಲೂ ಇಲ್ಲ. "ಕೀ ಆಫ್ ಮಾಡಿ ಆನ್ ಮಾಡಿದ್ರಾ?" ಅಂದ. ನಾನು ಸುಮ್ಮನೆ ನಿಂತೆ. ಅಷ್ಟು ಜನ, ಅಷ್ಟು ಸಲಹೆ, ಆದರೆ ಬಿದ್ದಾಗಿನಿಂದ ಕೀ ಆನ್‌ನಲ್ಲೇ ಇತ್ತು. ಅವನು ತಿರುಗಿಸಿದ, ಎರಡು ಸೆಕೆಂಡ್ ಬಿಟ್ಟು ಮತ್ತೆ ತಿರುಗಿಸಿದ. ಟ್ಯಾಂಕಿನೊಳಗೆ ಪಂಪು ಜುಯ್ಯ್ ಅಂತು. ಬಟನ್ ಒತ್ತಿದ. ಎಂಜಿನ್ ಏನೂ ಆಗಿಲ್ಲವೆಂಬಂತೆ ಹೊರಟಿತು.

2020ರ ಏಪ್ರಿಲ್‌ನಲ್ಲಿ ಹೊಗೆ ನಿಯಂತ್ರಣದ ಬಿಎಸ್6 ನಿಯಮ ಬಂದ ಮೇಲೆ ಹೆಚ್ಚುಕಮ್ಮಿ ಎಲ್ಲ ಬೈಕುಗಳೂ ಕಾರ್ಬೊರೇಟರ್ ಬಿಟ್ಟು, ಪೆಟ್ರೋಲನ್ನು ಅಳೆದು ಚಿಮ್ಮಿಸುವ ಫ್ಯುಯೆಲ್ ಇಂಜೆಕ್ಷನ್‌ಗೆ ಬಂದವಲ್ಲ, ಅವುಗಳಲ್ಲಿ ಬಹಳಷ್ಟಕ್ಕೆ ಒಂದು ಸೆನ್ಸರ್ ಇರುತ್ತದಂತೆ. ಬೈಕು ಜಾಸ್ತಿ ವಾಲಿದರೆ ಬಿತ್ತು ಅಂತ ತಿಳಿದು ಎಂಜಿನ್ ನಿಲ್ಲಿಸಿಬಿಡುತ್ತದೆ. "ಬಿದ್ದಲ್ಲೇ ಚಕ್ರ ತಿರುಗ್ತಾ ಇದ್ರೆ, ಪೆಟ್ರೋಲ್ ಬರ್ತಾ ಇದ್ರೆ, ಬೆಂಕಿ ಹತ್ತೋದಿಲ್ವಾ ಸಾರ್?" ಕೀ ಆಫ್ ಮಾಡುವವರೆಗೆ ಅದರ ಲೆಕ್ಕದಲ್ಲಿ ನಾವಿನ್ನೂ ನೆಲದ ಮೇಲೇ. ಬಲಕ್ಕೆ ಮಲಗಿಸಿದ ಕಥೆ ಹೇಳಿದೆ. ಅವನು ನಗಲಿಲ್ಲ, ಅದೇ ಬೇಜಾರು. ಪೈಪು ತೂರಿಸಿ ಗೇರ್ ಪೆಡಲ್ ನೇರ ಮಾಡಿ ಐವತ್ತು ರೂಪಾಯಿ ತೆಗೆದುಕೊಂಡ.

ಮುಂದಿನ ತಿಂಗಳು ನಮ್ಮ ಮನೆಯ ಅಂಗಳದಲ್ಲೇ ಮತ್ತೆ ಬಿದ್ದೆ. ಈ ಸಲ ಹೆದರಿಕೆ ಇಲ್ಲ, ನಾನೀಗ ತಿಳಿದವನು ಅಲ್ವಾ! ಹೆಂಡತಿಗೆ ಸೆನ್ಸರಿನ ಬಗ್ಗೆ ಸಣ್ಣ ಭಾಷಣವನ್ನೂ ಕೊಟ್ಟು, ಕೀ ಆಫ್, ಕೀ ಆನ್ ಮಾಡಿ ಬಟನ್ ಒತ್ತಿದೆ. ಈ ಸಲ ಕಿರ್ರ್ ಕೂಡ ಇಲ್ಲ. ಹನ್ನೊಂದು ಸಲ ಆಫ್, ಹನ್ನೊಂದು ಸಲ ಆನ್. ಹನ್ನೆರಡನೆಯದಕ್ಕೆ ಅವಳು ಬಟ್ಟೆ ಒಣಹಾಕುವುದನ್ನು ಬಿಟ್ಟು ಬಂದಳು.

"ಈ ಕೆಂಪು ಸ್ವಿಚ್ ಎಂತಕ್ಕೆ?"

ಅದು ಎಂಜಿನ್ ನಿಲ್ಲಿಸುವ ಸ್ವಿಚ್, ಬೀಳುವಾಗ ನನ್ನ ಹೆಬ್ಬೆರಳೇ ಅದನ್ನು ಒತ್ತಿತ್ತು. ಅವಳು ಆಚೆ ತಳ್ಳಿದಳು, ಬೈಕು ಹೊರಟಿತು. "ಎಂಜಿನ್ ಸ್ವಲ್ಪ ತಣಿಯಲಿ ಅಂತ ಕಾಯ್ತಿದ್ದೆ" ಅಂದೆ.