ಒಂದೂವರೆಗೆ ಇನ್ನು ಏಳು ನಿಮಿಷ

ಚುನಾವಣೆಯೊಂದರ ನಾಮಪತ್ರ ಸಲ್ಲಿಕೆಯ ವಾರ. ಬುಧವಾರ ಮಧ್ಯಾಹ್ನ, ಚಿಕ್ಕಬಳ್ಳಾಪುರ ಜಿಲ್ಲೆಯ ತಾಲ್ಲೂಕು ಕಚೇರಿಯೊಂದರ ಎದುರು, ಪೊಲೀಸರು ನೂರು ಮೀಟರಿಗೆ ಎಳೆದ ಸುಣ್ಣದ ಗೆರೆಯಾಚೆ, ಬಿಳಿಯ ಕಾರೊಂದು ಎಂಜಿನ್ ಆರಿಸದೆ ನಿಂತಿತ್ತು. ನಾಲ್ಕೂ ಚಕ್ರಗಳ ಮುಂದೆ ಒಂದೊಂದು ನಿಂಬೆಹಣ್ಣು. ಒಳಗೆ ಅಭ್ಯರ್ಥಿ, ಅವರ ತೊಡೆಯ ಮೇಲೆ ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ಮದುವೆ ಲಗ್ನಪತ್ರಿಕೆಯಂತೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಿಸಿಕೊಂಡ ನಾಮಪತ್ರ.

“ಸ್ವಾಮಿ, ಇಳೀಬಹುದಾ?”

“ಇನ್ನು ಏಳು ನಿಮಿಷ ಐತೆ, ಯಜಮಾನ್ರೇ. ಒಂದೂವರೆ ಆಗ್ಲಿ.”

ಹಿಂದೆ ಬಂದಿದ್ದ ಎರಡು ಟ್ರಾಕ್ಟರ್ ಜನ ಹುಣಸೆಮರದ ನೆರಳಿನಲ್ಲಿ ಮೊಸರನ್ನದ ಪೊಟ್ಟಣ ಬಿಚ್ಚಿದ್ದರು. ಎತ್ತಿನಹೊಳೆಯ ನೀರಿಗಾಗಿ ವರ್ಷಗಟ್ಟಲೆ ಕಾದು ಪಳಗಿದವರಿಗೆ ರಾಹು ಸರಿಯುವವರೆಗೆ ಕಾಯುವುದು ಒಂದು ಕಷ್ಟವೇ ಅಲ್ಲ.

ರಾಹುವಿನ ಮೇಲೆ ಅಭ್ಯರ್ಥಿಗಿರುವ ಕೋಪಕ್ಕಿಂತ, 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ ಮೇಲೆ ರಾಹುವಿಗೆ ಇರಬೇಕಾದ ಪ್ರೀತಿ ದೊಡ್ಡದು. ಆ ಕಾಯ್ದೆಯ 33ನೇ ಸೆಕ್ಷನ್ ಪ್ರಕಾರ ನಾಮಪತ್ರವನ್ನು ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರೊಳಗೆ ಕೊಡಬೇಕು. ಅಡುಗೆಮನೆಯ ಕ್ಯಾಲೆಂಡರಿನ ಪ್ರಕಾರ ಬುಧವಾರ ರಾಹುಕಾಲ 12ರಿಂದ 1.30, ಗುರುವಾರ 1.30ರಿಂದ 3, ಶುಕ್ರವಾರ 10.30ರಿಂದ 12. ಮಂಗಳವಾರವಂತೂ ಅಧಿಕಾರಿ ಬಾಗಿಲು ಮುಚ್ಚುವುದೂ ರಾಹು ಬಾಗಿಲು ತೆರೆಯುವುದೂ ಸರಿಯಾಗಿ ಮೂರಕ್ಕೇ. ಬುಧವಾರ ರಾಹುವಿಗೆ ಮುಂಚೆಯೇ ಕೊಟ್ಟುಬಿಡೋಣವೆಂದರೆ ಅದು ಗುಳಿಕಕಾಲ. ಗುಳಿಕಕಾಲದಲ್ಲಿ ಮಾಡಿದ ಕೆಲಸ ಮರುಕಳಿಸುತ್ತದೆಂಬುದು ನಂಬಿಕೆಯಾದ್ದರಿಂದ, ಐದು ವರ್ಷಕ್ಕೊಮ್ಮೆ ನಾಮಪತ್ರ ಸಲ್ಲಿಸುತ್ತಲೇ ಇರಬೇಕಾದ ಅಪಾಯವುಂಟು. ಚುನಾವಣಾಧಿಕಾರಿಯ ಕೊಠಡಿಗೆ ಅಭ್ಯರ್ಥಿಯೂ ಸೇರಿ ಐವರಿಗಷ್ಟೇ ಪ್ರವೇಶವೆಂಬ ನಿಯಮವಿದೆ. ಆರನೆಯವನಾಗಿ ಒಳಗೆ ಬರುವವನ ಗುರುತಿನ ಚೀಟಿಯನ್ನು ಯಾವ ಪೇದೆಯೂ ಕೇಳುವುದಿಲ್ಲ.

“ಇದೆಲ್ಲ ನಮ್ಮ ಸನಾತನ ಋಷಿಗಳು ಹಾಕಿಕೊಟ್ಟ ಲೆಕ್ಕ” ಎಂದು ಟೀ ಅಂಗಡಿಯಲ್ಲಿ ಆ ದಿನ ಮುಖಂಡರೊಬ್ಬರು ಅಪ್ಪಣೆ ಕೊಡಿಸಿದರು. ಋಷಿಗಳು ಲೆಕ್ಕ ಹಾಕಿದ್ದು ನಿಜ, ಆದರೆ ಬೇರೆಯದನ್ನು. ಋಗ್ವೇದದ ಐದನೆಯ ಮಂಡಲದ 40ನೇ ಸೂಕ್ತದಲ್ಲಿ ಸ್ವರ್ಭಾನು ಎಂಬ ಅಸುರ ಸೂರ್ಯನನ್ನು ಕತ್ತಲಿನಿಂದ ಮುಚ್ಚುತ್ತಾನೆ, ಅತ್ರಿ ಋಷಿ ಬಿಡಿಸುತ್ತಾರೆ. ಅಲ್ಲಿ ವಾರವಿಲ್ಲ, ಒಂದೂವರೆ ಗಂಟೆಯೂ ಇಲ್ಲ. ಮುಂದೆ ಪುರಾಣಗಳು ಆ ಅಸುರನನ್ನು ಅಮೃತದ ಪಂಕ್ತಿಯಲ್ಲಿ ಕೂರಿಸಿ, ಸೂರ್ಯಚಂದ್ರರಿಂದ ಚಾಡಿ ಹೇಳಿಸಿ, ವಿಷ್ಣುವಿನ ಚಕ್ರದಿಂದ ತಲೆ ಕಡಿಸಿದವು. ಆ ತಲೆಗೆ ಗ್ರಹಣ ಹಿಡಿಸುವ ಕೆಲಸ ಸಿಕ್ಕಿತು. ದಿನಾಲೂ ಒಂದೂವರೆ ಗಂಟೆಯ ಪಾಳಿಯ ಮೇಲೆ ಅದನ್ನು ನೇಮಿಸಬೇಕಾದರೆ ಮೊದಲು ವಾರಗಳು ಹುಟ್ಟಬೇಕು. ಕಾಲಗಣನೆಯ ಹಳೆಯ ಗ್ರಂಥವಾದ ವೇದಾಂಗ ಜ್ಯೋತಿಷದಲ್ಲಿ ತಿಥಿ, ನಕ್ಷತ್ರಗಳುಂಟು, ವಾರಗಳಿಲ್ಲ. ಗ್ರಹಗಳ ಹೆಸರು ಹೊತ್ತ ಏಳು ವಾರಗಳು ಯವನರ, ಅಂದರೆ ಗ್ರೀಕರ, ಜ್ಯೋತಿಷದ ಜೊತೆ ಬಂದವು. ಗಂಟೆಯೆಂಬ ಅರ್ಥದ “ಹೋರಾ” ಎಂಬ ಮಾತೂ ಅಲ್ಲಿಯದೇ. ನಮ್ಮ ಶಾಸನಗಳಲ್ಲಿ ವಾರದ ಹೆಸರು ಮೊದಲು ಕಾಣುವುದು ಮಧ್ಯಪ್ರದೇಶದ ಏರಣ್‌ನಲ್ಲಿ, ಗುಪ್ತ ದೊರೆ ಬುಧಗುಪ್ತನ ಕಾಲದ ಕ್ರಿ.ಶ. 484ರ ಬರಹದಲ್ಲಿ, ಅದೊಂದು ಗುರುವಾರ. ಜ್ಯೋತಿಷಿ ವರಾಹಮಿಹಿರನಿಗೆ ಈ ಸಾಲದ ಬಗ್ಗೆ ಸಂಕೋಚವಿರಲಿಲ್ಲ: ಯವನರು ಮ್ಲೇಚ್ಛರಾದರೂ ಈ ಶಾಸ್ತ್ರ ಅವರಲ್ಲಿ ನೆಲೆಗೊಂಡಿರುವುದರಿಂದ ಅವರನ್ನೂ ಋಷಿಗಳಂತೆ ಪೂಜಿಸುತ್ತಾರೆಂಬ ಮಾತನ್ನು ಬೃಹತ್ಸಂಹಿತೆಯಲ್ಲಿ ಸೇರಿಸಿದ. ವಿದೇಶಿ ಸಂಸ್ಕೃತಿಯನ್ನು ಬೆಳಿಗ್ಗೆ ಭಾಷಣದಲ್ಲಿ ಓಡಿಸಿ ಮಧ್ಯಾಹ್ನ ಅದರ ಪಟ್ಟಿ ನೋಡಿ ಕಾರಿನಿಂದ ಇಳಿಯುವ ಧೈರ್ಯ ಮಾತ್ರ ಅಪ್ಪಟ ನಮ್ಮದು.

ಗ್ರಹಣಕ್ಕೆ ಕಾರಣ ಚಂದ್ರನೂ ಭೂಮಿಯ ನೆರಳೂ ಎಂದು ಆರ್ಯಭಟ 499ರಲ್ಲೇ ಬರೆದ. ಅಂದಿಗೇ ರಾಹು ನಿರುದ್ಯೋಗಿಯಾಗಬೇಕಿತ್ತು. ಆತ ಸರಕಾರಿ ಕಚೇರಿಯ ಸುತ್ತಮುತ್ತ ಬದಲಿ ಕೆಲಸ ಹುಡುಕಿಕೊಂಡ.

2023ರ ವಿಧಾನಸಭಾ ಚುನಾವಣೆಯಲ್ಲಿ ಆತನ ಓಡಾಟ ನೋಡಬೇಕಿತ್ತು. ನಾಮಪತ್ರಕ್ಕೆ ಕೊನೆಯ ದಿನ ಏಪ್ರಿಲ್ 20. ಗುರುವಾರ, ಪಂಚಾಂಗದಲ್ಲಿ ಅಮಾವಾಸ್ಯೆ, ಸಾಲದ್ದಕ್ಕೆ ಸೂರ್ಯಗ್ರಹಣ. ಗ್ರಹಣ ಭಾರತದಲ್ಲಿ ಕಾಣಲಿಲ್ಲ, ಪಶ್ಚಿಮ ಆಸ್ಟ್ರೇಲಿಯಾದ ಎಕ್ಸ್‌ಮೌತ್‌ನಲ್ಲಿ ಪೂರ್ತಿ ಕಂಡಿತು. ಬೆಳಿಗ್ಗೆ ಅಷ್ಟು ದೂರದಲ್ಲಿ ಸೂರ್ಯನನ್ನು ನುಂಗಿ ಉಗುಳಿದ ರಾಹು, ಕ್ಯಾಲೆಂಡರಿಗೆ ಮರ್ಯಾದೆ ಕೊಟ್ಟು, ಮಧ್ಯಾಹ್ನ ಒಂದೂವರೆಗೆ ಸರಿಯಾಗಿ ಚಿಂತಾಮಣಿಗೂ ಶಿಡ್ಲಘಟ್ಟಕ್ಕೂ ಹಾಜರಾಗಿ ಕೊನೆಯ ಒಂದೂವರೆ ಗಂಟೆ ಕಾಯಬೇಕಾಯಿತು. ಆ ಚುನಾವಣೆಯ ಕಣದಲ್ಲಿ ಉಳಿದವರು 2,600ಕ್ಕೂ ಹೆಚ್ಚು ಮಂದಿ, ಸ್ಥಾನಗಳು 224. ಒಳ್ಳೆಯ ಗಳಿಗೆ ನೋಡದೆ ಹೋದೆವೆನ್ನುವವರು ಅವರಲ್ಲಿ ಎಷ್ಟು ಜನ ಸಿಕ್ಕಾರು? ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗ ಬಾರದೆ ಠೇವಣಿ ಮುಳುಗಿದಾಗ, ಅದನ್ನು ಕಟ್ಟಿದ ಶುಭಮುಹೂರ್ತದ ರಸೀದಿಯನ್ನು ಯಾರೂ ಜ್ಯೋತಿಷಿಯ ಮನೆಗೆ ಒಯ್ಯುವುದಿಲ್ಲ.

ಮಹಿಳೆಯರ ರಾಹು ಇನ್ನೊಬ್ಬ. ಮಂಗಳವಾರ, ಶುಕ್ರವಾರ ಅದೇ ರಾಹುಕಾಲದಲ್ಲಿ ದುರ್ಗೆಯ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿದರೆ ಇಷ್ಟಾರ್ಥ ಸಿದ್ಧಿಯೆಂದು ನಮ್ಮ ಕಡೆ ಸಾಲುಗಟ್ಟಿ ನಿಲ್ಲುತ್ತಾರೆ. ಹಾಗಾಗಿ ಪತಿಯ ಗೆಲುವಿಗೆ ಪತ್ನಿ ಗುಡಿಯಲ್ಲಿ ಹುಡುಕಿಕೊಂಡು ಹೋಗುವ ಗಳಿಗೆಯಿಂದಲೇ ಪತಿ ಕಾರಿನಲ್ಲಿ ಅಡಗಿ ಕೂರುವುದು ಒಂದೇ ಮನೆಯಲ್ಲಿ ನಡೆಯುತ್ತದೆ. ನಿಂಬೆಹಣ್ಣಿನ ಖರ್ಚು ಎರಡೂ ಕಡೆ.

ಇದೇ ಜಿಲ್ಲೆಯ ಗೌರಿಬಿದನೂರಿನ ಹೊರಗೆ 1976ರಿಂದ ರೇಡಿಯೊ ದೂರದರ್ಶಕವಿದೆ, ಅಲ್ಲಿ ಸೂರ್ಯನನ್ನು ರಾಹುಕಾಲದ ರಜೆಯಿಲ್ಲದೆ ಗಮನಿಸುತ್ತಾರೆ. ಆ ತಾಲ್ಲೂಕಿನ ಹೊಸೂರಿನವರೇ ಆದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಅದೇ 1976ರಲ್ಲಿ ಪವಾಡಗಳ, ಮೂಢನಂಬಿಕೆಗಳ ತನಿಖೆಗೆ ಸಮಿತಿ ರಚಿಸಿದ್ದರು. ಅವರ ಭಾವಚಿತ್ರಕ್ಕೆ ಹಾರ ಹಾಕುವ ಕಾರ್ಯಕ್ರಮದ ಆಹ್ವಾನಪತ್ರಿಕೆಯಲ್ಲಿ ಸಮಯವನ್ನು ರಾಹುಕಾಲ ತಪ್ಪಿಸಿ ಅಚ್ಚು ಹಾಕಿಸುವಷ್ಟು ಎಚ್ಚರ ನಮ್ಮ ಮುಖಂಡರಿಗಿದೆ.

ಆದರೆ ಒಂದು ಎಚ್ಚರ ತಪ್ಪಿದೆ. ಕ್ಯಾಲೆಂಡರಿನ ಸಿದ್ಧಪಟ್ಟಿ ಬೆಳಿಗ್ಗೆ ಆರಕ್ಕೆ ಸೂರ್ಯೋದಯವೆಂದು ಹಿಡಿದು ಹಗಲನ್ನು ಎಂಟು ಪಾಲು ಮಾಡಿದ್ದು. ನಮ್ಮ ಕೈಗಡಿಯಾರ ಓಡುವುದು 82.5 ಡಿಗ್ರಿ ಪೂರ್ವ ರೇಖಾಂಶದ, ಮಿರ್ಜಾಪುರದ ಆಸುಪಾಸಿನ, ಸೂರ್ಯನಿಗೆ. ಚಿಕ್ಕಬಳ್ಳಾಪುರ ಜಿಲ್ಲೆ ಅದಕ್ಕಿಂತ ಸುಮಾರು ಐದು ಡಿಗ್ರಿ ಪಶ್ಚಿಮಕ್ಕಿದೆ, ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ನೆತ್ತಿಯ ಸೂರ್ಯ ಇಪ್ಪತ್ತು ನಿಮಿಷ ತಡ. ಶಾಸ್ತ್ರವನ್ನು ನಂಬುವುದೇ ಆದರೆ ಇಲ್ಲಿಯ ಬುಧವಾರದ ರಾಹು ಎದ್ದು ಹೋಗುವುದು 1.50ರ ಹೊತ್ತಿಗೆ.

ಒಂದೂವರೆಗೆ ಕಾರಿನ ಬಾಗಿಲು ತೆರೆಯಿತು. ಬಲಗಾಲು ಮೊದಲು ಇಳಿಯಿತು, ತಮಟೆ ಮೊಳಗಿತು, ಡ್ರೈವರು ನಾಲ್ಕೂ ನಿಂಬೆಹಣ್ಣಿನ ಮೇಲೆ ಕಾರು ಹತ್ತಿಸಿದ. ಅಭ್ಯರ್ಥಿ ತಟ್ಟೆ ಹಿಡಿದು ಒಳನಡೆದರು. ಮುಂದೆ ಟೋಕನ್ ಹಿಡಿದು ಕೂತಿದ್ದ ಇಬ್ಬರು ಪಕ್ಷೇತರರ ಕಾಗದ ಮುಗಿಯುವವರೆಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾದರು. ಸರದಿ ಬಂದಾಗ ಅಧಿಕಾರಿ ಅರಿಶಿನದ ಮೂಲೆಯನ್ನು ಬೆರಳಂಚಿನಲ್ಲಿ ಹಿಡಿದು, ಗೋಡೆಯ ಗಡಿಯಾರ ನೋಡಿ, ಸ್ವೀಕರಿಸಿದ ಸಮಯವೆಂಬ ಖಾಲಿ ಜಾಗದಲ್ಲಿ ದುಂಡಗೆ ಬರೆದರು: 1.41.