ಗ್ರಾಫಿಕ್ಸ್ ಕಾರ್ಡ್ ಇಲ್ಲದವರೂ ಮನುಷ್ಯರೇ

ಮೊನ್ನೆ ಶನಿವಾರ ಅಣ್ಣನ ಮಗಳಿಗೆ ಲ್ಯಾಪ್‌ಟಾಪ್ ಕೊಡಿಸಲು ಹೋಗಿದ್ದೆ. ಬಿಕಾಂ ಸೇರಿದ್ದಾಳೆ. ಬಜೆಟ್ 40 ಸಾವಿರ, ಅರ್ಧ ಅಣ್ಣನದು, ಅರ್ಧ ನನ್ನದು. ಎಲ್ಲ ಮುಗಿದು ಬಿಲ್ ಹಾಕಿಸುವ ಹೊತ್ತಿಗೆ ಹುಡುಗಿ ಮೆಲ್ಲಗೆ ಕೇಳಿದಳು, "ಇದರಲ್ಲಿ ಗೇಮ್ ಆಡಬಹುದಾ?"

ಅಂಗಡಿ ಹುಡುಗ ನಕ್ಕ. ಬಿರಿಯಾನಿ ಹೋಟೆಲಿನಲ್ಲಿ ಮೊಸರನ್ನ ಕೇಳಿದರೆ ನಗ್ತಾರಲ್ಲ, ಆ ನಗು. "ಇದರಲ್ಲಿ ಎಕ್ಸೆಲ್ ಓಡುತ್ತೆ. ಗೇಮ್ ಬೇಕಂದ್ರೆ ಚಿತ್ರ ಮೂಡಿಸೋಕೇ ಅಂತ ಬೇರೆ ಚಿಪ್, ಅಂದ್ರೆ ಗ್ರಾಫಿಕ್ಸ್ ಕಾರ್ಡ್ ಇರೋದು ತಗೊಳ್ಳಿ ಮೇಡಂ, 95 ಸಾವಿರದಿಂದ ಶುರು."

ಅವಳ ಮುಖ ಚಿಕ್ಕದಾಯಿತು. ನನ್ನ ಪಿತ್ತ ನೆತ್ತಿಗೇರಿತು.

ನನ್ನ ಲ್ಯಾಪ್‌ಟಾಪ್ ನೀವೆಲ್ಲ ನೋಡಿದ್ದೀರಿ. ಹಿಂಜ್ ಮುರಿದು, ಕುಕ್ಕರ್‌ಗೆ ಒರಗಿಸಿ ಇಟ್ಟಿರುವ ಫೋಟೋಕ್ಕೆ ನೀವೇ ನಕ್ಕಿದ್ದೀರಿ. ಅದರಲ್ಲಿ ಗ್ರಾಫಿಕ್ಸ್ ಕಾರ್ಡೂ ಇಲ್ಲ, ಅದರ ಅಜ್ಜನೂ ಇಲ್ಲ. ಆದರೂ ಕಳೆದ ಐದು ವರ್ಷದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಆಟಗಳನ್ನೆಲ್ಲ ಅದರಲ್ಲೇ ಆಡಿದ್ದು.

ಉದಾಹರಣೆಗೆ 'ಎ ಶಾರ್ಟ್ ಹೈಕ್'. ಕೆನಡಾದ ಆಡಂ ರಾಬಿನ್ಸನ್-ಯು ಎಂಬವರು ಹೆಚ್ಚುಕಡಿಮೆ ಒಬ್ಬರೇ ಮಾಡಿದ್ದು, 2019ರಲ್ಲಿ. ಕ್ಲೇರ್ ಅಂತ ಒಂದು ಹಕ್ಕಿ. ಅದಕ್ಕೊಂದು ಮುಖ್ಯವಾದ ಫೋನ್ ಬರಬೇಕು. ಇರುವ ಜಾಗದಲ್ಲಿ ಸಿಗ್ನಲ್ ಇಲ್ಲ, ಬೆಟ್ಟದ ತುದಿಯಲ್ಲಿ ಮಾತ್ರ ಸಿಗುತ್ತೆ. ಅಷ್ಟೇ ಕಥೆ. ದಾರಿಯಲ್ಲಿ ಬಂಗಾರದ ಗರಿ ಹುಡುಕಬೇಕು. ಗರಿ ಜಾಸ್ತಿಯಾದಷ್ಟೂ ಎತ್ತರಕ್ಕೆ ಹತ್ತಬಹುದು. ಬೇಡ ಅನ್ನಿಸಿದರೆ ಸುಮ್ನೆ ಮೀನು ಹಿಡೀತಾ ಕೂರಬಹುದು. ಯಾರೂ ಗುಂಡು ಹಾರಿಸುವುದಿಲ್ಲ. ಎರಡು ಗಂಟೆಯಲ್ಲಿ ಮುಗಿಯುತ್ತೆ.

ತೀರ್ಥಹಳ್ಳಿ ಕಡೆಯವರಿಗೆ ಸಿಗ್ನಲ್‌ಗಾಗಿ ಗುಡ್ಡ ಹತ್ತುವ ಕಥೆಯನ್ನು ಬಿಡಿಸಿ ಹೇಳಬೇಕಾ? 2020ರ ಮಳೆಗಾಲದಲ್ಲಿ ನಮ್ಮ ಮನೆ ಹಿಂದಿನ ಗುಡ್ಡವೇ ನನ್ನ ಆಫೀಸಾಗಿತ್ತು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನ್, ಕಾಲಲ್ಲಿ ಇಂಬಳ. ಅಮ್ಮ ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದಾಗ ಅಣ್ಣನ ಫೋನಿಗೆ ಮೂರು ದಿನ ಅಲ್ಲೇ ಕಾದಿದ್ದೆ. ಆಟದಲ್ಲಿ ಆ ಹಕ್ಕಿಗೆ ಕೊನೆಗೂ ಫೋನ್ ಬಂತು ನೋಡಿ, ರಾತ್ರಿ ಒಂದೂವರೆಗೆ ನಾನು ಕುಕ್ಕರ್ ಮುಂದೆ ಕೂತು ಅತ್ತುಬಿಟ್ಟೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಈಗ ಇದಕ್ಕೆ ಎಷ್ಟು ಜಿಬಿ ಗ್ರಾಫಿಕ್ಸ್ ಕಾರ್ಡ್ ಬೇಕು, ಹೇಳಪ್ಪಾ?

"ದೊಡ್ಡ ಗೇಮ್‌ಗಳಲ್ಲೂ ಕಲೆ ಇರುತ್ತೆ, ನೂರಾರು ಜನ ವರ್ಷಗಟ್ಟಲೆ ದುಡಿದಿರ್ತಾರೆ" ಅಂತ ಕಾಮೆಂಟ್ ಹಾಕಲು ಕೆಲವರು ಈಗಾಗಲೇ ಬೆರಳು ಮುರೀತಿದ್ದೀರಿ, ಗೊತ್ತು. ಇರುತ್ತೆ, ಒಪ್ಪಿದೆ. ಸೇಲ್‌ನಲ್ಲಿ ನಾನೂ ಒಂದು ತಗೊಂಡಿದ್ದೆ. ನೂರು ಜಿಬಿ ಮೇಲೆ. ಎರಡು ರಾತ್ರಿ ಇಳೀತು. ಟೈಟಲ್ ತೋರಿಸಿ, ಅಕ್ಕಿ ಗಿರಣಿ ಥರ ಸದ್ದು ಮಾಡಿ ಮಲಗಿತು. ಎಟುಕದ ದ್ರಾಕ್ಷಿ ಹುಳಿ ಅಂತೀರಾ? ಅನ್ನಿ. ಆದರೆ 2024ರಲ್ಲಿ ಬಂದ 'ಅನಿಮಲ್ ವೆಲ್' 40 ಎಂಬಿ ಕೂಡ ಇರಲಿಲ್ಲ. ಫ್ಯಾಮಿಲಿ ಗ್ರೂಪಿನಲ್ಲಿ ಬರುವ ಮದುವೆ ವಿಡಿಯೋ ಅದಕ್ಕಿಂತ ದೊಡ್ಡದಿರುತ್ತೆ. ನೋಡಲು ಮಾತ್ರ ಕತ್ತಲಲ್ಲಿ ಮಿಂಚುಹುಳ ಕಂಡ ಹಾಗಿದೆ.

ಇನ್ನು 'ರಿಟರ್ನ್ ಆಫ್ ದಿ ಓಬ್ರಾ ಡಿನ್'. ಗ್ರಾಫಿಕ್ಸ್ ಗ್ರಾಫಿಕ್ಸ್ ಅಂತ ಬಡಕೊಳ್ಳುವವರನ್ನು ಇದರ ಮುಂದೆ ಕೂರಿಸಬೇಕು. ಇರೋದು ಎರಡೇ ಬಣ್ಣ, ಕಪ್ಪು ಬಿಳುಪಿನ ಥರ. ಈಸ್ಟ್ ಇಂಡಿಯಾ ಕಂಪನಿಯ ಹಡಗು 1802ರಲ್ಲಿ ಲಂಡನ್ನಿಂದ ಹೊರಟು, 1807ರಲ್ಲಿ ತಾನೇ ತೇಲಿಕೊಂಡು ವಾಪಸ್ ಬರುತ್ತೆ. ಒಳಗೆ ಜೀವಂತ ಒಬ್ಬರೂ ಇಲ್ಲ. ನೀವು ಕಂಪನಿ ಕಳಿಸಿದ ವಿಮೆ ಇನ್ಸ್‌ಪೆಕ್ಟರ್. ಹಡಗಿನ ಮೇಲಿದ್ದವರು 60 ಜನ. ಯಾರು ಯಾರು, ಯಾರು ಹೇಗೆ ಸತ್ತರು, ಬರೆಯಬೇಕು. ಕೈಯಲ್ಲೊಂದು ಗಡಿಯಾರ. ಹೆಣದ ಪಕ್ಕ ಅದನ್ನು ತೆರೆದರೆ ಆ ಮನುಷ್ಯ ಸತ್ತ ಕ್ಷಣ ಕಲ್ಲಾಗಿ ನಿಂತಿರುತ್ತೆ, ನೀವು ಅದರೊಳಗೆ ಓಡಾಡಬಹುದು. ಯಾವ ಭಾಷೆ ಮಾತಾಡಿದ, ಎಂಥ ಬಟ್ಟೆ ಹಾಕಿದ್ದ, ಯಾರ ಪಕ್ಕ ನಿಂತಿದ್ದ, ಎಲ್ಲ ಸುಳಿವೇ. ಮೂರು ಜನರದ್ದು ಸರಿಯಾದ ಮೇಲಷ್ಟೇ ಹೌದು ಅನ್ನುತ್ತೆ, ಹಾಗಾಗಿ ಗಾಳಿಯಲ್ಲಿ ಗುಂಡು ಹೊಡೆಯೋದು ಕಷ್ಟ. ಲ್ಯೂಕಸ್ ಪೋಪ್ ಎಂಬ ಒಬ್ಬ ಮನುಷ್ಯ, ಸಂಗೀತ ಕೂಡ ತಾನೇ ಮಾಡಿ, 2018ರಲ್ಲಿ ಬಿಟ್ಟದ್ದು. ನಾನು ಸಾಮಾನಿನ ಚೀಟಿಯ ನೋಟ್‌ಬುಕ್ಕಿನಲ್ಲಿ ಹೆಣದ ಲೆಕ್ಕ ಬರೆದಿಟ್ಟಿದ್ದೆ. "ತೊಗರಿಬೇಳೆ 1 ಕೆಜಿ, ಅಡುಗೆಯವ ಈಟಿಯಿಂದ?" ಅಂತ ಓದಿದ ನಮ್ಮ ಯಜಮಾನರು ಎರಡು ದಿನ ನನ್ನ ಜೊತೆ ತುಂಬಾ ಮರ್ಯಾದೆಯಿಂದ ಮಾತಾಡಿದರು.

'ವೆಂಬಾ' ಬಗ್ಗೆ ಉದ್ದಕ್ಕೆ ಬರೆಯಲ್ಲ. ಕೆನಡಾಕ್ಕೆ ಹೋದ ತಮಿಳು ಮನೆ, ಅಮ್ಮನ ಹರಿದ ಅಡುಗೆ ಪುಸ್ತಕ, ಅದನ್ನು ನೋಡಿಕೊಂಡು ಇಡ್ಲಿ ಮಾಡಬೇಕು. ತಟ್ಟೆ ಜೋಡಿಸುವುದೂ ಒಂದು ಒಗಟು. ನಮಗೆ ಗೊತ್ತಿರುವ ಒಗಟು, ಆದರೂ ನಾನು ತಪ್ಪು ಮಾಡಿದೆ. ಅಮ್ಮನಿಗೆ ಹೇಳಬೇಡಿ.

ಅಂಗಡಿಯಲ್ಲಿ ಇದನ್ನೆಲ್ಲ ಹೇಳಿದೆನಾ? ಎಲ್ಲಿ! ಒಳ್ಳೆಯ ಉತ್ತರವೆಲ್ಲ ಎಸ್ಕಲೇಟರ್ ಇಳಿದ ಮೇಲೇ ಹೊಳೆಯೋದು. 40 ಸಾವಿರದ್ದನ್ನೇ ತಗೊಂಡು ಬಂದೆವು. ರಾತ್ರಿ ಅದಕ್ಕೆ 'ಬಾಬಾ ಈಸ್ ಯೂ' ಹಾಕಿಕೊಟ್ಟೆ. ಫಿನ್ಲೆಂಡಿನ ಹುಡುಗನೊಬ್ಬ ಮಾಡಿದ್ದು. ಆಟದ ನಿಯಮಗಳೇ ಪದಗಳಾಗಿ ನೆಲದ ಮೇಲೆ ಬಿದ್ದಿರುತ್ತವೆ, ಅವನ್ನೇ ತಳ್ಳಿ ನಿಯಮ ಬದಲಿಸಬೇಕು. 'ಬಾಬಾ ಈಸ್ ಯೂ' ಅಂತಿದ್ದರೆ ಬಾಬಾ ಅನ್ನುವ ಪ್ರಾಣಿಯೇ ನೀವು. 'ವಾಲ್ ಈಸ್ ಸ್ಟಾಪ್' ಅಂತಿದ್ದರೆ ಗೋಡೆ ತಡೆಯುತ್ತೆ. 'ಸ್ಟಾಪ್' ಅನ್ನು ಆಚೆ ತಳ್ಳಿದರೆ ಗೋಡೆಯೊಳಗೇ ನಡೆದು ಹೋಗಬಹುದು. ಇಷ್ಟು ಹೇಳಿಕೊಟ್ಟು ಮಲಗಲು ಹೋದೆ.

ಬೆಳಗ್ಗೆ ಎದ್ದರೆ ವಾಟ್ಸಾಪಿನಲ್ಲಿ ಮೆಸೇಜು, 2:40ಕ್ಕೆ ಕಳಿಸಿದ್ದು: "ಅತ್ತೆ, 'ಯೂ' ತಳ್ಳಿ ಗೋಡೆಗೆ ಸೇರಿಸಿದೆ. ಈಗ ನಾನೇ ಗೋಡೆ!!!"